ಅರ್ಧ ಮಂಚದ ಬಾಡಿಗೆ

ಭುವನಾ ಮಗ್ಗ ನಿಲ್ಲಿಸಿ, ಸೇಲಂನಿಂದ ಎರಡು ಬಸ್ಸು ಬದಲಿಸಿ ಮೇಚೇರಿಗೆ ಬಂದದ್ದು ಒಂದೇ ಮಾತು ಕೇಳುವುದಕ್ಕೆ. ಶಾರ್ಜಾದಲ್ಲಿ ಅವಳ ಗಂಡ ಶಿವರಾಮನ್ ಇದ್ದ ರೂಮಿನಲ್ಲೇ ಇದ್ದ ಅರುಣಾಚಲಂ ಹೋದ ವಾರ ಊರಿಗೆ ವಾಪಸಾಗಿದ್ದ. ಕುರಿಗಳಿಗೆ ನೀರು ಹಾಕುತ್ತಿದ್ದವನು ಅವಳನ್ನು ಕಂಡು ಬಕೆಟ್ ಕೆಳಗಿಟ್ಟು ಮಜ್ಜಿಗೆ ತರಲು ಒಳಗೆ ಹೊರಟ. ಅವಳು ತಡೆದಳು.

“ಮಜ್ಜಿಗೆ ಬ್ಯಾಡಣ್ಣಾ. ಅಲ್ಲಿ ಒಬ್ಬ ಮನುಷ್ಯ ತಿಂಗಳಿಗೆ ಎಷ್ಟರಲ್ಲಿ ಬದುಕ್ಬೌದು? ನಿಜ ಏಳಿ.”

“ಯಾಕೆ ತಂಗಿ?”

“ಇಲ್ಲಿ ನಾನು, ಅತ್ತೆ, ಮಗಳು. ರೇಷನ್ ಅಕ್ಕಿ ಐತೆ ಅಂತ ಒಂಬತ್ತು ಸಾವಿರದಾಗೆ ಮೂರು ಜನ ತಿಂಗಳು ತಳ್ತೀವಿ. ಅವರ ಸಂಬಳ ಮೂವತ್ತೈದು. ಮೊನ್ನೆ ಮೊನ್ನೆವರೆಗೂ ಕಳಿಸ್ತಿದ್ದಿದ್ದು ಹತ್ತೇ. ಊಟ, ರೂಮು ಎಲ್ಲಾ ಕಂಪನೀದೇ ಅಂತ ಏಜೆಂಟು ಏಳಿದ್ದ. ಮಿಕ್ಕಿದ್ದು ಎಲ್ಲಿ ಓಗ್ತೈತೆ?”

“ಮೂವತ್ತೈದು ಅಂತ ಶಿವರಾಮನೇ ಏಳಿದ್ನಾ?” ಅರುಣಾಚಲಂ ಒದ್ದೆ ಕೈ ಲುಂಗಿಗೆ ಒರೆಸಿಕೊಂಡ. “ಕೈಗೆ ಬರೋದು ಇಪ್ಪತ್ತೊಂದು. ಊಟಾನೂ ನಮ್ದೇ, ರೂಮೂ ನಮ್ದೇ. ಒಂದು ತೆಂಗಿನಕಾಯಿ ಅಲ್ಲಿ ತೊಂಬತ್ತು ರೂಪಾಯಿ ತಂಗಿ. ಒಂದು ಮಂಚಕ್ಕೆ ಬಾಡಿಗೆ ಎಂಟು ಸಾವಿರ.”

“ಮಂಚಕ್ಕಾ? ಸೇಲಂನಾಗೆ ನಮ್ಮ ಇಡೀ ಮನೆಗೇ ಅಷ್ಟಿಲ್ಲ.” ಅವಳು ತಲೆ ತಗ್ಗಿಸಿದಳು. ಇಷ್ಟು ದೂರ ಹೊತ್ತು ತಂದ ಮಾತು ಕೊನೆಗೂ ಹೊರಗೆ ಬಂತು. “ಅಲ್ಲಿ ಇನ್ಯಾರಾದ್ರೂ ಅವ್ರಾ ಅಣ್ಣಾ? ಅತ್ತೇನೇ ಅಂಗಂತಾರೆ. ಏಳ್ಬಿಡಿ. ನಾನು ಅಳಾಕಿಲ್ಲ.”

“ಅವನ ಮಂಚದಾಗೆ ಇನ್ನೊಬ್ರು ಮಲಗ್ತಿದ್ದಿದ್ದು ನಿಜ,” ಎಂದ ಅರುಣಾಚಲಂ. “ಅದು ನಾನೇ. ಅವನಿಗೆ ನೈಟ್ ಡ್ಯೂಟಿ, ನಂಗೆ ಹಗಲು. ಅವನು ಎದ್ದ ಜಾಗಕ್ಕೆ ನಾನು ಬೀಳೋದು. ಬಾಡಿಗೆ ಅರ್ಧ ಅರ್ಧ.”

ಭುವನಾಳ ಎದೆ ಹಗುರಾಯಿತು. ಆದರೂ ಬಿಡಲಿಲ್ಲ. “ಮತ್ತೆ, ಎರಡು ತಿಂಗಳ ಇಂದೆ ನಾನು ಜಗಳ ಆಡಿದ್ಮೇಲೆ ಹದಿನಾಲ್ಕು ಸಾವಿರ ಬರ್ತಾ ಐತಲ್ಲ? ಕೈಯಾಗೆ ದುಡ್ಡೇ ಇಲ್ದಿದ್ರೆ ಎಲ್ಲಿಂದ ಬಂತು ಆ ನಾಕು ಸಾವಿರ?”

“ನಿಂಗೆ ಏಳ್ಬ್ಯಾಡ ಅಂದಿದ್ದ,” ಎಂದ ಅರುಣಾಚಲಂ. “ಆ ನಾಕು ಸಾವಿರ ಮಂಚದ್ದು. ಅವನ ಅರ್ಧ ಬೇರೆಯವರಿಗೆ ಬಿಟ್ಕೊಟ್ಟ. ಈಗ ತಾರಸಿ ಮೇಲೆ, ನೀರಿನ ಟ್ಯಾಂಕ್ ಪಕ್ಕ ಮಲಗ್ತಾನೆ.”

“ಹಗಲೊತ್ನಾಗಾ? ಬಿಸಿಲಾಗಾ?”

“ನೈಟ್ ಡ್ಯೂಟಿ ಅಲ್ವಾ.”

ಅವಳು ಅಲ್ಲೇ ಇದ್ದ ಕಲ್ಲಿನ ಮೇಲೆ ಕುಳಿತಳು. ವಾಪಸ್ ಬಂದುಬಿಡಲು ಆಗುವುದಿಲ್ಲವೇ ಎಂದು ಕೇಳಿದಳು. ಪಾಸ್‌ಪೋರ್ಟ್ ಕಂಪನಿಯವರ ಕೈಲಿದೆ, ಇನ್ನೂ ಒಂದು ವರ್ಷ ಬಾಕಿ ಇದೆ ಎಂದು ಅರುಣಾಚಲಂ ಹೇಳುತ್ತಿರುವಾಗಲೇ ಅವಳ ಫೋನ್ ಬಡಿದುಕೊಂಡಿತು. ಶುಕ್ರವಾರ ಮಧ್ಯಾಹ್ನ ಶಿವರಾಮನ್ ಫೋನ್ ಮಾಡುವ ಹೊತ್ತು.

“ದುಡ್ಡು ಬಂತಾ?” ದನಿ ಒಡೆದು ಹೋಗಿತ್ತು.

“ಬಂತು.”

“ಏನದು, ಕುರಿ ಕೂಗ್ದಂಗೆ ಕೇಳ್ತೈತೆ?”

“ಬೀದೀಲಿ ಯಾರೋ ಒಡ್ಕೊಂಡು ಓಗ್ತಾವ್ರೆ. ನಿಮ್ಮ ಗಂಟಲು ಯಾಕಂಗೈತೆ?”

“ಅದಾ? ರೂಮ್ನಾಗೆ ಎಲ್ಲಾ ಸೇರ್ಕೊಂಡು ಏಸಿ ಜಾಸ್ತಿ ಇಟ್ಬಿಡ್ತಾರೆ. ಒಂದೇ ಚಳಿ.”

ಅರುಣಾಚಲಂ ಬಕೆಟ್ ಎತ್ತಿಕೊಂಡು ಕುರಿಗಳ ಕಡೆ ತಿರುಗಿದ. ಭುವನಾ ಸೆರಗನ್ನು ಬಾಯಿಗೆ ಒತ್ತಿ ಹಿಡಿದಳು. ಅತ್ತ ಕಡೆಯಿಂದ “ಭುವನಾ? ಲೈನ್ ಐತಾ?” ಎಂದು ಕೇಳುತ್ತಲೇ ಇದ್ದ. ಅವಳು ಸೆರಗು ತೆಗೆದು, ಯಾವತ್ತಿನ ಸಿಡುಕು ದನಿಯಲ್ಲೇ ಗದರಿದಳು:

“ಹೊದ್ಕೊಂಡು ಮಲಗಾಕೆ ಏನ್ರೀ ಕಷ್ಟ ನಿಮ್ಗೆ?”