ಮಗಳ ಫಂಡು

ಮ್ಯೂಚುವಲ್ ಫಂಡ್ ಒಂದಕ್ಕೆ ಷೇರುಗಳನ್ನು ಆರಿಸುವ ಹೊಣೆ ಶಿವಲೀಲಾಳಿಗೆ ಬಂದಾಗ, ಹುಬ್ಬಳ್ಳಿಯಲ್ಲಿದ್ದ ಅಪ್ಪ ತನ್ನ ನಿವೃತ್ತಿಯ ಹಣವನ್ನೆಲ್ಲ ಅದರಲ್ಲೇ ಹಾಕಿ ಓಣಿಗೆಲ್ಲ ಸಿಹಿ ಹಂಚಿದ್ದ. ಆಮೇಲೆ ಆ ಫಂಡು ಮಾರುಕಟ್ಟೆಗಿಂತ ಹಿಂದೆ ಬೀಳುತ್ತಲೇ ಹೋಯಿತು. ಅವಳಿಗೆ ಊಟ ಸೇರದಾಯಿತು. ಕೆಲಸ ಬಿಡೋಣವೆಂದರೆ ಅಪ್ಪನ ಹಣವನ್ನು ಇನ್ಯಾರದೋ ಕೈಗೆ ಒಪ್ಪಿಸಿ ಹೋಗಬೇಕು. ಹಣ ತೆಗೆಯಿರಿ ಎನ್ನಲು ನಾಲಗೆ ಏಳದು.

ದೀಪಾವಳಿಗೆ ಊರಿಗೆ ಹೋದಾಗ ಮನಸ್ಸು ಗಟ್ಟಿ ಮಾಡಿಕೊಂಡು ಹೇಳಿಯೇಬಿಟ್ಟಳು.

"ಅಪ್ಪಾ, ಅರ್ಧಾ ರೊಕ್ಕನಾದ್ರೂ ಇಂಡೆಕ್ಸ್ ಫಂಡಿಗೆ ಹಾಕ್ರಿ. ಅಲ್ಲಿ ನನ್ನಂಥವ್ರು ಯಾರೂ ಆರಿಸೂದಿಲ್ಲ. ಮಾರ್ಕೆಟ್ ಹೆಂಗ ಹೋಗ್ತದೋ ಹಂಗ ಹೋಗ್ತದ."

ಅಪ್ಪ ಚಹಾದ ಕಪ್ಪು ಕೆಳಗಿಟ್ಟ. "ಯಾಕವ್ವಾ, ಏನಾತು?"

"ನಿಮ್ಮ ರೊಕ್ಕದ ಸಲುವಾಗಿನ ನಾ ಆ ಕೆಲಸಾ ಬಿಡಲಾರದ ಇಷ್ಟು ವರ್ಷ ಕುಂತೇನಿ" ಎನ್ನುವಷ್ಟರಲ್ಲಿ ಅವಳ ಕಣ್ಣು ತುಂಬಿ ಬಂತು.

ಅಪ್ಪ ತಲೆ ತಗ್ಗಿಸಿಕೊಂಡೇ ಹೇಳಿದ.

"ಮೊದಲನೇ ವರ್ಷನ ಎಲ್ಲಾ ತಗದು ಇಂಡೆಕ್ಸಿಗೆ ಹಾಕೇನವ್ವಾ. ಗೊತ್ತಾದ್ರ ನೀ ನೊಂದು ಕೆಲಸಾ ಬಿಟ್ಟಗಿಟ್ಟೀ ಅಂತ ಹೇಳಲಿಲ್ಲ."