ಎರಡೂ ಎಡಗೈ ತೋಳು

ಸೊಸೆ ಹಾಸಿಗೆಯಿಂದಲೇ ಕತ್ತು ಚಾಚಿ ನೋಡಿದಳು. ಆಚೆ ಕೋಣೆಯಲ್ಲಿ ತನ್ನ ಹೊಲಿಗೆ ಕತ್ತರಿ ಅತ್ತೆಯ ಕೈಯಲ್ಲಿತ್ತು. ಮೇಜಿನ ಮೇಲೆ ನೀಲಿ ಬಟ್ಟೆ ಹರಡಿತ್ತು.

“ಅತ್ತೆ, ಅದು ನಂಗೆ ಹೊಲಿಯೋಕೆ ಕೊಟ್ಟಿರೋ ಮದುವೆ ಹುಡುಗಿ ರೇಷ್ಮೆ ಅಲ್ವಾ?”

“ನೀನು ಸುಮ್ನೆ ಮಲಕ್ಕೋ. ಮದುವೆ ಹತ್ರ ಬಂತು. ರವಿಕೆ ತೋಳು ತಾನೇ, ನಾನೇ ಕತ್ತರಿಸ್ತೀನಿ.”

ಅತ್ತೆಗೆ ಗುಂಡಿ ಹಾಕುವುದು ಬಿಟ್ಟರೆ ಬೇರೆ ಹೊಲಿಗೆ ಬಾರದು. ಧೈರ್ಯಕ್ಕೆ ಮಾತ್ರ ಕೊರತೆಯಿಲ್ಲ. ಸೊಸೆಯ ಹಿಂದಿನ ಮಗು ಏಳನೇ ತಿಂಗಳಲ್ಲೇ ಹುಟ್ಟಿ ಉಳಿಯದೆ ಹೋಗಿತ್ತು. ಹಾಗಾಗಿ ಈ ಸಲ ಸೊಸೆ ಬಸುರಾದದ್ದೇ ತಡ, ಹಾಸಿಗೆ ಬಿಟ್ಟು ಏಳಕೂಡದೆಂದು ಕಟ್ಟಪ್ಪಣೆ ಮಾಡಿದವರೂ ಇದೇ ಅತ್ತೆ. ನಿನ್ನೆ ಡಾಕ್ಟರಮ್ಮ ಇಬ್ಬರನ್ನೂ ಗದರಿದ್ದರು: “ಮಲಗಿದ್ರೆ ಮಗು ಹೊಟ್ಟೇಲಿ ಹೆಚ್ಚು ದಿನ ನಿಲ್ಲುತ್ತೆ ಅಂತ ಯಾರು ಹೇಳಿದ್ದು? ಎಲ್ಲ ಸರಿಯಾಗಿದೆ. ಎದ್ದು ಓಡಾಡಿ.” ಅತ್ತೆ ಒಪ್ಪಿಕೊಂಡರು. ಸೊಸೆಗೆ ಮಾತ್ರ ಭಯ ಹೋಗಲಿಲ್ಲ. ಅತ್ತೆ ಎಷ್ಟು ಗೋಗರೆದರೂ ಕಾಲು ಕೆಳಗಿಡಲಿಲ್ಲ.

ಅತ್ತೆ ಒಂದು ತೋಳು ಕತ್ತರಿಸಿ, ಅದನ್ನೇ ಬಟ್ಟೆಯ ಮೇಲಿಟ್ಟು ಇನ್ನೊಂದಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆದರು.

“ಮಗುಚಿ ಇಡಿ ಅತ್ತೆ! ಹಾಗೇ ಇಟ್ರೆ ಎರಡೂ ಎಡಗೈ ತೋಳಾಗುತ್ತೆ!”

“ಆಗ್ಲಿ ಬಿಡೇ. ಹುಡುಗಿ ಸ್ವಲ್ಪ ಅಡ್ಜಸ್ಟ್ ಮಾಡ್ಕೋತಾಳೆ,” ಎಂದು ಅತ್ತೆ ಕತ್ತರಿ ಎತ್ತಿದರು.

ಮಂಚ ಕಿರುಗುಟ್ಟಿತು. ಮರುಕ್ಷಣ ಸೊಸೆ ಮೇಜಿನ ಬಳಿ ನಿಂತು ಕತ್ತರಿ ಕಸಿದುಕೊಂಡಿದ್ದಳು. ಬಟ್ಟೆ ಮುಟ್ಟಿ ನೋಡಿದರೆ ಅದು ರೇಷ್ಮೆಯಲ್ಲ, ಅಡುಗೆಮನೆ ಕಿಟಕಿಯ ಹಳೇ ಪರದೆ.

“ರೇಷ್ಮೆ ಬೀರುವಿನಲ್ಲಿ ಭದ್ರವಾಗಿದೆ,” ಎಂದರು ಅತ್ತೆ, ನಗು ತಡೆಯುತ್ತ. “ಎದ್ದು ಬಂದ್ಯಲ್ಲ, ಏನಾದ್ರೂ ಆಯ್ತಾ?”

ತಾನು ನಿಂತಿರುವುದು ಸೊಸೆಗೆ ಆಗಲೇ ಅರಿವಾದದ್ದು. ಹೊಟ್ಟೆಯ ಮೇಲೆ ಕೈಯಿಟ್ಟು ಉಸಿರು ಬಿಗಿಹಿಡಿದಳು. ಒಳಗಿನಿಂದ ಬಲವಾಗಿ ಒಂದು ಒದೆತ ಬಿತ್ತು. ಅಳುವೂ ನಗುವೂ ಒಟ್ಟಿಗೇ ಬಂದವು.

“ಇದು ನಿಮಗೇ ಒದ್ದಿದ್ದು ಅತ್ತೆ!”

ತಿರುಗಿ ನೋಡಿದರೆ ಅತ್ತೆ ಗೋಡೆ ಹಿಡಿದುಕೊಂಡು ಹೋಗಿ ಸೊಸೆಯ ಹಾಸಿಗೆಯ ಮೇಲೆಯೇ ಉರುಳಿಕೊಂಡಿದ್ದರು. ಸೆರಗಿನಿಂದ ಮುಖದ ಬೆವರು ಒರೆಸಿಕೊಳ್ಳುತ್ತಿದ್ದರು.

“ನಿಧಾನಕ್ಕೆ ಎದ್ದು ಬರೋಕೆ ಆಗ್ತಿರ್ಲಿಲ್ವೇನೇ? ಹಾಗಾ ಓಡಿ ಬರೋದು! ಒಂದು ಲೋಟ ನೀರು ಕೊಡು. ನಾನಂತೂ ಇವತ್ತು ಈ ಹಾಸಿಗೆ ಬಿಟ್ಟು ಏಳೋದಿಲ್ಲ.”