ಚಿನ್ನದ ಪದಕ

ತೀರಿಕೊಂಡ ಹಳೆಯ ವಿದ್ಯಾರ್ಥಿನಿಯರ ನೆನಪಿಗೆ ಯೂನಿವರ್ಸಿಟಿಯ ಲೇಡೀಸ್ ಹಾಸ್ಟೆಲ್‌ನಲ್ಲಿ ಸಭೆಯಿತ್ತು. ವಾರಿಜಾಕ್ಷಿಯ ಫೋಟೋ ಕೇಳಿಕೊಂಡು ಹಾಸ್ಟೆಲ್ಲಿನ ಗೆಳತಿ ಮನೆಗೆ ಬಂದಳು.

ಕಾಫಿ ತಂದ ಮಗಳು ಅವಳ ಮಾತು ಕೇಳಿ ಬೆರಗಾದಳು. "ನಮ್ಮಮ್ಮ ಎಂ.ಎಸ್ಸಿ. ಓದಿದ್ಲಾ? ಲೆಕ್ಕ ಹೇಳಿಕೊಡು ಅಂದ್ರೆ, ನನಗೇನೇ ಗೊತ್ತು, ಅಪ್ಪನ್ನ ಕೇಳು ಅಂತಿದ್ಲು."

"ಗಣಿತದಲ್ಲಿ ಇಡೀ ಯೂನಿವರ್ಸಿಟಿಗೇ ಫಸ್ಟ್ ಕಣಮ್ಮಾ. ಚಿನ್ನದ ಪದಕ ಬಂದಿತ್ತು." ಗೆಳತಿ ವಾರಿಜಾಕ್ಷಿಯ ಗಂಡನ ಕಡೆ ತಿರುಗಿದಳು. "ಒಂದು ದಿನದ ಮಟ್ಟಿಗೆ ಆ ಪದಕ ಕೊಡಿ. ಫೋಟೋದ ಪಕ್ಕ ಇಡ್ತೀವಿ."

ಮುದುಕ ತಲೆ ತಗ್ಗಿಸಿ ತನ್ನ ಕೈ ನೋಡಿಕೊಂಡ.

"ಮಾರಿಬಿಟ್ರಾ?"

"ಇಲ್ಲ, ಇಲ್ಲೇ ಇದೆ. ಮದುವೇಲಿ ಮಾವನೋರು ನನಗೆ ಹಾಕಿದ್ದು." ಅವನು ಮಗಳನ್ನು ಕರೆದ. "ಸ್ವಲ್ಪ ಸೋಪಿನ ನೀರು ತಗೊಂಡು ಬಾಮ್ಮಾ. ಈ ಉಂಗುರ ಬೆರಳಿಂದ ಬರ್ತಿಲ್ಲ."